ಕೆಸರಿನ ದೂರು



ನಾನು ಸಿದ್ಧಪಡಿಸುತ್ತಿದ್ದ ಇತಿಹಾಸದ ಪ್ರಶ್ನೆಪತ್ರಿಕೆಗಳಲ್ಲಿ ತಪ್ಪದೆ ಇರುತ್ತಿದ್ದ ಒಂದು ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಿ. ಪರಿಣಾಮಗಳನ್ನು ಪುಟ ತುಂಬ ಬರೆದು ಕಾರಣಗಳನ್ನು ಎರಡು ಸಾಲಿನಲ್ಲಿ ಮುಗಿಸಿದವರಿಗೆ ನಾನು ಎಂದೂ ಅರ್ಧಕ್ಕಿಂತ ಹೆಚ್ಚು ಅಂಕ ಕೊಟ್ಟವನಲ್ಲ. ಆ ಹಳೆಯ ಅಳತೆಗೋಲನ್ನೇ ಹಿಡಿದು ಇಂದು ನಿಮಗೆ ವಿಚಿತ್ರವೆನಿಸಬಹುದಾದ ವಿಷಯವೊಂದನ್ನು ಕುರಿತು ಬರೆಯುತ್ತಿದ್ದೇನೆ. ಅದು ಕೆಸರಿನ ಭೂತಗಳ ವಿಷಯ. ಕೆಸರು, ರಾಡಿ, ಲೋಳೆಗಳಿಂದಲೇ ಮೈತಳೆದು ಮೇಲೇಳುವ, ನಿಶ್ಚಿತ ಆಕಾರವಿಲ್ಲದ ಆ ಜೀವಿಗಳು ಇಂದು ನಿಮ್ಮ ಮಕ್ಕಳ ಮೊಬೈಲುಗಳಲ್ಲಿ, ಟಿ.ವಿ.ಗಳಲ್ಲಿ, ಆಟಿಕೆಯ ಡಬ್ಬಿಗಳಲ್ಲಿ 'ಸ್ಲೈಮ್' ಎಂಬ ಹೆಸರಿನಿಂದ ಮನೆಮಾತಾಗಿವೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನವರು ಕಟ್ಟಿದ ಕೆಸರಿನ ಭೂತ ಒಂದು ದೂರನ್ನು ಹೊತ್ತು ಬರುತ್ತಿತ್ತು. ಅದು ಯಾರ ಮೇಲೆ ಎದ್ದುಬಂದಿದೆ, ಏಕೆ ಎದ್ದುಬಂದಿದೆ ಎಂಬುದು ಕೇಳುವವರಿಗೆಲ್ಲ ತಿಳಿಯುತ್ತಿತ್ತು. ಇಂದಿನ ಮನರಂಜನೆಯ ವ್ಯಾಪಾರ ಆ ದೂರನ್ನು ಕಿತ್ತುಹಾಕಿ, ಉಳಿದ ಲೋಳೆಯನ್ನು ಮಾತ್ರ ಬಣ್ಣ ಹಚ್ಚಿ ಮಾರುತ್ತಿದೆ. ನಾವು ಹಿರಿಯರು ಅದನ್ನು ಕೊಂಡು ತಂದು ಮಕ್ಕಳ ಕೈಗೆ ಕೊಡುತ್ತಿದ್ದೇವೆ. ಇದನ್ನು ಕ್ಷುಲ್ಲಕ ಸಂಗತಿಯೆಂದು ನಾನು ಎಣಿಸಲಾರೆ.

ನನ್ನ ಸಾಕ್ಷ್ಯಗಳಲ್ಲಿ ಹೆಚ್ಚಿನವು ಜಪಾನಿನವು. ಆ ದೇಶದಲ್ಲಿ ಕೆಸರಿನ ಭೂತದ ಬದಲಾವಣೆಯನ್ನು ಸುಮಾರು ಇನ್ನೂರ ನಲವತ್ತು ವರ್ಷಗಳ ಉದ್ದಕ್ಕೂ, ಇಸವಿಗಳ ಸಹಿತ, ಹೆಜ್ಜೆ ಹೆಜ್ಜೆಯಾಗಿ ಗುರುತಿಸಬಹುದು.

ಮೊದಲ ಸಾಕ್ಷಿ 1781ನೆಯ ಇಸವಿಯದು. ಇಂದಿನ ಟೋಕಿಯೊ ನಗರಕ್ಕೆ ಎದೊ ಎಂಬ ಹೆಸರಿದ್ದ ಕಾಲ. ತೊರಿಯಾಮ ಸೆಕಿಯೆನ್ ಎಂಬ ಚಿತ್ರಕಾರನು ದೆವ್ವಭೂತಗಳ ಸಚಿತ್ರ ಸಂಪುಟಗಳನ್ನು ಪ್ರಕಟಿಸುತ್ತಿದ್ದನು. ಅವುಗಳಲ್ಲೊಂದರಲ್ಲಿ 'ದೊರೊತಾಬೋ' ಎಂಬ ಭೂತದ ಚಿತ್ರವಿದೆ. ದೊರೊ ಎಂದರೆ ಕೆಸರು, ತಾ ಎಂದರೆ ಗದ್ದೆ, ಬೋ ಎಂದರೆ ಬೋಳುತಲೆಯ ಸನ್ಯಾಸಿ. ಕೆಸರುಗದ್ದೆಯಿಂದ ಸೊಂಟದವರೆಗೆ ಮೇಲೆದ್ದಿರುವ ಕಪ್ಪು ಆಕೃತಿ. ಒಂದೇ ಕಣ್ಣು, ಕೈಗೆ ಮೂರೇ ಬೆರಳು. ಚಿತ್ರದ ಜೊತೆಗಿರುವ ಕತೆ ಕೆಲವೇ ಸಾಲುಗಳದು. ಉತ್ತರದ ಸೀಮೆಯ ಮುದುಕನೊಬ್ಬನು ಮಕ್ಕಳು ಮೊಮ್ಮಕ್ಕಳಿಗಾಗಲಿ ಎಂದು ಒಂದಿಷ್ಟು ಗದ್ದೆ ಮಾಡಿಟ್ಟು, ಬಿಸಿಲು ಮಳೆಯೆನ್ನದೆ ದುಡಿದು ಸತ್ತನು. ಮಗನು ಕೃಷಿಯನ್ನು ಬಿಟ್ಟು ಕುಡಿತಕ್ಕೆ ಬಿದ್ದು ಗದ್ದೆಯನ್ನು ಪರರಿಗೆ ಮಾರಿಬಿಟ್ಟನು. ಅಂದಿನಿಂದ ರಾತ್ರಿ ರಾತ್ರಿಯೂ ಆ ಒಕ್ಕಣ್ಣಿನ ಕರಿಯನು ಗದ್ದೆಯಲ್ಲಿ ಎದ್ದು, ತನ್ನ ಗದ್ದೆಯನ್ನು ಹಿಂತಿರುಗಿಸುವಂತೆ ಕೂಗಿ ಬಯ್ಯತೊಡಗಿದನು.

ಕತೆ ಇಷ್ಟೇ. ಆ ಭೂತ ಯಾರನ್ನೂ ನುಂಗುವುದಿಲ್ಲ, ಯಾರ ಕತ್ತನ್ನೂ ಹಿಸುಕುವುದಿಲ್ಲ. ಅದು ಕೇಳುವುದು ಗದ್ದೆಯನ್ನು ಮಾತ್ರ. ಅದರ ಮೈ ಕೆಸರಿನದೇ ಏಕೆ ಎಂಬುದನ್ನು ಯೋಚಿಸಿರಿ. ಗದ್ದೆಯ ಕೆಸರು ತಾನಾಗಿ ಆದುದಲ್ಲ. ನೆಲವನ್ನು ಮಟ್ಟಮಾಡಿ, ಬದು ಹಾಕಿ, ನೀರು ನಿಲ್ಲಿಸಿ, ವರ್ಷ ವರ್ಷವೂ ಉತ್ತು, ತುಳಿದು, ಗೊಬ್ಬರ ಬೆರೆಸಿದ ಮೇಲೆ ಅದು ನಾಟಿಗೆ ಯೋಗ್ಯವಾದ ಕೆಸರಾಗುತ್ತದೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಹೇಳುವ ನಮಗೆ ಇದನ್ನು ವಿವರಿಸಬೇಕಿಲ್ಲ. ಮುದುಕನ ಆಯುಷ್ಯವೆಲ್ಲ ಬೆರೆತಿರುವುದು ಆ ಕೆಸರಿನಲ್ಲಿ. ಆದಕಾರಣ ಅವನು ಸತ್ತ ಮೇಲೆ ಏಳಬೇಕಾದುದೂ ಆ ಕೆಸರಿನಿಂದಲೇ.

ಇಲ್ಲಿ ಪಂಡಿತರ ಒಂದು ಆಕ್ಷೇಪವಿದೆ; ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ಭೂತವು ಹಳ್ಳಿಗರ ನಂಬಿಕೆಯಲ್ಲಿ ಇದ್ದುದಲ್ಲ, ಸೆಕಿಯೆನ್ ತಾನೇ ಕಲ್ಪಿಸಿದ ಚಮತ್ಕಾರವಿರಬೇಕು ಎಂದು ಕೆಲವರು ಅಭಿಪ್ರಾಯಪಡುತ್ತಾರೆ. ಕೆಸರುಗದ್ದೆಗೆ ದೊಣ್ಣೆಯಿಂದ ಹೊಡೆಯುವುದು ಎಂಬ ಗಾದೆಯೊಂದು ಜಪಾನೀ ಭಾಷೆಯಲ್ಲಿದೆ. ವ್ಯರ್ಥವಾದ ಕೆಲಸ ಎಂದು ಅದರ ಅರ್ಥ. ದೊಣ್ಣೆಗೂ ಆ ಭಾಷೆಯಲ್ಲಿ 'ಬೋ' ಎಂದೇ ಹೆಸರು. ಕೊಚ್ಚೆಗೆ ಕಲ್ಲೆಸೆಯುವ ನಮ್ಮ ಗಾದೆಯನ್ನು ಬಲ್ಲವರಿಗೆ ಇದು ಹೊಸದೆನಿಸದು. 'ಉತ್ತರದ ಸೀಮೆ' ಎಂಬ ಮಾತು ಎದೊ ನಗರದ ವೇಶ್ಯಾವಾಟಿಯಾದ ಯೊಶಿವಾರಕ್ಕೂ ಸಂಕೇತವಾಗಿತ್ತು. ಎಂದರೆ, ಮಗನು ಗದ್ದೆಯ ಹಣವನ್ನು ಎಲ್ಲಿ ಕಳೆದನೆಂಬುದನ್ನು ಓದುಗರು ನಗುತ್ತ ಊಹಿಸಿಕೊಳ್ಳುತ್ತಿದ್ದಿರಬಹುದು. ಹಾಗೆಯೇ ಇರಲಿ, ಅದರಿಂದ ನನ್ನ ವಾದಕ್ಕೆ ಹಾನಿಯಿಲ್ಲ. ನಗಿಸಲು ಹೊರಟ ಪೇಟೆಯ ಚಿತ್ರಕಾರನಿಗೂ ಕೆಸರಿನ ಭೂತವೆಂದೊಡನೆ ಹೊಳೆದದ್ದು ವಾರಸುದಾರನ ಮೇಲೆ ಹಿರಿಯನು ಹೂಡುವ ದಾವೆ. ಕಾರಣವಿಲ್ಲದ ಕೆಸರನ್ನು ಅವನು ಎಬ್ಬಿಸಲಿಲ್ಲ.

ಯೂರೋಪಿನ ಯಹೂದಿಗಳ ಗೋಲೆಮ್ ಕತೆಯೂ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಪ್ರಾಗ್ ನಗರದಲ್ಲಿದ್ದು 1609ರಲ್ಲಿ ತೀರಿಕೊಂಡ ಧರ್ಮಗುರು ಯೆಹೂದಾ ಲೋವ್ ನದಿಯ ಜೇಡಿಮಣ್ಣಿನಿಂದ ಒಬ್ಬ ಸೇವಕನನ್ನು ಮಾಡಿ ಅವನಿಗೆ ಜೀವ ತುಂಬಿದನೆಂದು ಐತಿಹ್ಯ. ಆ ಗುರುವಿನ ಹೆಸರಿಗೆ ಈ ಕತೆ ಅಂಟಿಕೊಂಡದ್ದು ಬಹಳ ಈಚೆಗೆ, ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ. ಮಣ್ಣಿನಿಂದಾದ ಮಾತಿಲ್ಲದ ಮನುಷ್ಯನ ಪ್ರಸ್ತಾಪವಾದರೋ ಅವರ ಪ್ರಾಚೀನ ಗ್ರಂಥವಾದ ತಾಲ್ಮುದಿನಲ್ಲಿಯೇ ಇದೆ. ಗೋಲೆಮ್ ಹುಚ್ಚೆದ್ದು ಬೀದಿಯಲ್ಲಿ ಹಾವಳಿ ಮಾಡಿದ್ದು ಏಕೆ? ವಾರದ ವಿಶ್ರಾಂತಿಯ ದಿನಕ್ಕೆ ಮುನ್ನ ಅವನನ್ನು ನಿಲ್ಲಿಸಬೇಕಾಗಿದ್ದ ಗುರು ಅದನ್ನು ಮರೆತದ್ದರಿಂದ, ಎಂದು ಒಂದು ಪಾಠ ಹೇಳುತ್ತದೆ. ಮಣ್ಣಿಗೆ ಬಾಯಿಲ್ಲದಿದ್ದರೂ ಹೊಣೆ ಯಾರದೆಂಬುದನ್ನು ಕತೆ ಬಿಟ್ಟುಕೊಡುವುದಿಲ್ಲ.

ಮರಳಿ ಜಪಾನಿಗೆ ಬರೋಣ. ಎರಡನೆಯ ಸಾಕ್ಷಿ 1971ರದು. ಆ ವೇಳೆಗೆ ಆ ದೇಶ ಕೈಗಾರಿಕೆಯಲ್ಲಿ ಜಗತ್ತೇ ಬೆರಗಾಗುವಷ್ಟು ಮುಂದೆ ಹೋಗಿತ್ತು; ಅದರ ಬೆಲೆಯನ್ನು ನೀರು ಮತ್ತು ಗಾಳಿ ತೆರುತ್ತಿದ್ದವು. ಯೊಕ್ಕೈಚಿ ನಗರದಲ್ಲಿ ಪೆಟ್ರೋಕೆಮಿಕಲ್ ಕಾರ್ಖಾನೆಗಳ ಹೊಗೆಯಿಂದ ಜನ ಉಬ್ಬಸಕ್ಕೆ ತುತ್ತಾದರು. ಸುರುಗಾ ಕೊಲ್ಲಿಯ ತಾಗೊನೊಉರಾ ಬಂದರಿನಲ್ಲಿ ಕಾಗದದ ಕಾರ್ಖಾನೆಗಳ ಗಸಿ ತುಂಬಿ ದೊಡ್ಡ ವಿವಾದವಾಯಿತು. ಇಂತಹ ಗಸಿಗೆ ಜಪಾನೀಯರು 'ಹೆದೊರೊ' ಎನ್ನುತ್ತಾರೆ. 1970ರ ಕೊನೆಯಲ್ಲಿ ಅಲ್ಲಿನ ಸಂಸತ್ತು ಮಾಲಿನ್ಯಕ್ಕೆ ಸಂಬಂಧಪಟ್ಟ 14 ಕಾನೂನುಗಳನ್ನು ಅಂಗೀಕರಿಸಿತು. 1971ರ ಜುಲೈ 1ರಂದು ಪರಿಸರ ಇಲಾಖೆ ಆರಂಭವಾಯಿತು.

ಅದೇ ಜುಲೈ ತಿಂಗಳಲ್ಲಿ ಯೊಶಿಮಿತ್ಸು ಬಾನ್ನೊ ನಿರ್ದೇಶಿಸಿದ ಗಾಡ್ಜಿಲ್ಲಾ ಚಿತ್ರವೊಂದು ತೆರೆಕಂಡಿತು. ಗಾಡ್ಜಿಲ್ಲಾನ ಎದುರಾಳಿಯ ಹೆಸರು ಹೆದೋರಾ. ಹೆಸರಿನಲ್ಲಿಯೇ ಗಸಿ ಇದೆ. ಅದು ಸುರುಗಾ ಕೊಲ್ಲಿಯ ಕೊಳಕನ್ನು ತಿಂದು ಬೆಳೆಯುತ್ತದೆ. ದಡಕ್ಕೆ ಬಂದು ಕಾರ್ಖಾನೆಯ ಕೊಳವೆಗೆ ಬಾಯಿಟ್ಟು ಹೊಗೆ ಹೀರುತ್ತದೆ. ಅದು ಹಾರಿದಲ್ಲೆಲ್ಲ ಆಮ್ಲದ ಮಂಜು ಸುರಿದು ಜನ ಸಾಯುತ್ತಾರೆ. ಅದರ ಮೂಲಬೀಜ ಆಕಾಶದಿಂದ ಬಂದದ್ದೆಂದು ಚಿತ್ರ ಹೇಳುತ್ತದೆ, ನಿಜ. ಆದರೆ ಅದನ್ನು ಉಣಿಸಿ ಬೆಳೆಸಿದವರು ಮನುಷ್ಯರು. ಆ ಚಿತ್ರದ ಹಾಡಿನ ಶೀರ್ಷಿಕೆಯ ಅರ್ಥ, ಸೂರ್ಯನನ್ನು ಹಿಂತಿರುಗಿಸಿ ಎಂದು. ಅದರಲ್ಲಿ 'ಹಿಂತಿರುಗಿಸು' ಎಂಬ ಅರ್ಥದ ಜಪಾನೀ ಕ್ರಿಯಾಪದ ಯಾವುದೋ, 1781ರ ಮುದುಕನು ಗದ್ದೆಯನ್ನು ಕೇಳಲು ಬಳಸಿದ ಕ್ರಿಯಾಪದವೂ ಅದೇ. ನೂರ ತೊಂಬತ್ತು ವರ್ಷಗಳಲ್ಲಿ ಕೆಸರಿನ ಗಾತ್ರ ಬೆಳೆಯಿತು, ಪ್ರತಿವಾದಿಗಳ ಸಂಖ್ಯೆ ಬೆಳೆಯಿತು. ಮೊಕದ್ದಮೆ ಮಾತ್ರ ಬದಲಾಗಲಿಲ್ಲ.

ಇದು ಸಿನಿಮಾದವರ ಉತ್ಪ್ರೇಕ್ಷೆ ಎನ್ನುವವರು ಮಿನಮಾತಾ ಕೊಲ್ಲಿಯ ಚರಿತ್ರೆಯನ್ನು ಓದಬೇಕು. ಅಲ್ಲಿನ ಚಿಸ್ಸೊ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸದ ಸಂಯುಕ್ತವು ಮೀನುಗಳ ಮೂಲಕ ಜನರ ನರಮಂಡಲವನ್ನು ಸೇರಿತು. ರೋಗವು ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಕಾರ್ಖಾನೆಯೇ ಕಾರಣವೆಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷವೂ ವಿಷ ಹರಿಯುತ್ತಲೇ ಇತ್ತು. ಕೊಲ್ಲಿಯ ತಳದಲ್ಲಿ ಕುಳಿತ ಪಾದರಸದ ಕೆಸರನ್ನು 1977ರಿಂದ 1990ರವರೆಗೆ ಎತ್ತಿ, ಒಂದು ಭಾಗವನ್ನು ಗೋಡೆ ಕಟ್ಟಿ ತುಂಬಿಸಿ, ಸುಮಾರು 58 ಹೆಕ್ಟೇರ್ ಹೊಸ ನೆಲ ಮಾಡಿದರು. ಆ ಕೆಸರಿನ ಪ್ರಮಾಣ ಸುಮಾರು 15 ಲಕ್ಷ ಘನ ಮೀಟರ್. ಇಂದು ಅದರ ಮೇಲೆ ಉದ್ಯಾನವಿದೆ. ರೋಗಿಗಳೂ ಅವರ ಬಂಧುಗಳೂ ತಾವೇ ಕೆತ್ತಿದ ಪುಟ್ಟ ಪುಟ್ಟ ಕಲ್ಲಿನ ಮೂರ್ತಿಗಳನ್ನು ಅಲ್ಲಿ ಇಟ್ಟಿದ್ದಾರೆ. ಹುಲ್ಲಿನ ಕೆಳಗೆ ಏನಿದೆಯೆಂಬುದನ್ನು ಮರೆಯಬಾರದೆಂದು ಅವರು ಪಟ್ಟುಹಿಡಿದಿದ್ದಾರೆ. ಕೆಸರಿನ ಭೂತದ ಕತೆ ಮಾಡಬೇಕಾದ ಕೆಲಸವನ್ನೇ ಆ ಮೂರ್ತಿಗಳು ಮಾಡುತ್ತಿವೆ.

ಇನ್ನು ನನ್ನ ಜಗಳದ ಭಾಗ.

ಕಾರಣವಿಲ್ಲದ ಲೋಳೆಯನ್ನು ಜಗತ್ಪ್ರಸಿದ್ಧವಾಗಿ ಮಾಡಿದ್ದು 1958ರ ಅಮೆರಿಕದ ಚಿತ್ರ 'ದಿ ಬ್ಲಾಬ್'. ಉಲ್ಕೆಯೊಂದು ಬೀಳುತ್ತದೆ, ಮುದುಕನೊಬ್ಬ ಅದನ್ನು ಕೋಲಿನಿಂದ ಕೆದಕುತ್ತಾನೆ, ಒಳಗಿನ ಲೋಳೆ ಅವನ ಕೈಗೆ ಅಂಟಿ ಅವನನ್ನು ನುಂಗುತ್ತದೆ. ಆಮೇಲೆ ವೈದ್ಯ, ದಾದಿ, ಸಿನಿಮಾ ಮಂದಿರ. ಊರಿನವರು ಯಾವ ತಪ್ಪನ್ನೂ ಮಾಡಿಲ್ಲ. ಲೋಳೆಗೆ ಯಾರ ಮೇಲೂ ದೂರಿಲ್ಲ. ಕೊನೆಗೆ ಬೆಂಕಿ ಆರಿಸುವ ಇಂಗಾಲದ ಡೈಆಕ್ಸೈಡಿನ ಚಳಿಗೆ ಅದನ್ನು ಹೆಪ್ಪುಗಟ್ಟಿಸಿ ವಿಮಾನದಲ್ಲಿ ಉತ್ತರ ಧ್ರುವಪ್ರದೇಶಕ್ಕೆ ಒಯ್ದು ಇಳಿಸಿಬಿಡುತ್ತಾರೆ. ಕಸವನ್ನು ಪಕ್ಕದ ಖಾಲಿ ನಿವೇಶನಕ್ಕೆ ಎಸೆದು ಕೈತೊಳೆದುಕೊಳ್ಳುವವರ ಉಪಾಯ! ಧ್ರುವಪ್ರದೇಶ ತಣ್ಣಗಿರುವವರೆಗೆ ಭಯವಿಲ್ಲವೆಂಬರ್ಥದ ಮಾತನ್ನು ನಾಯಕನು ಕೊನೆಯಲ್ಲಿ ಆಡುತ್ತಾನೆ. ಅಲ್ಲಿನ ಹಿಮ ನಮ್ಮೆಲ್ಲರ ಹೊಗೆಯಿಂದ ವರ್ಷ ವರ್ಷಕ್ಕೆ ಕರಗುತ್ತಿರುವುದನ್ನು ಬಲ್ಲ ಇಂದಿನ ಪ್ರೇಕ್ಷಕನಿಗೆ ಆ ಮಾತು ಬೇರೆಯೇ ಕೇಳಿಸುತ್ತದೆ. ಚಿತ್ರವನ್ನು 1988ರಲ್ಲಿ ಮತ್ತೆ ತೆಗೆದವರು ಲೋಳೆಯನ್ನು ಸರ್ಕಾರದ ಗುಪ್ತ ಪ್ರಯೋಗದ ಫಲವನ್ನಾಗಿ ಮಾಡಿದರು. ಕಾರಣದ ಕೊರತೆ ಅವರನ್ನೂ ಕಾಡಿರಬೇಕು.

1976ರಲ್ಲಿ ಮ್ಯಾಟೆಲ್ ಎಂಬ ಆಟಿಕೆಯ ಕಂಪನಿ ಹಸಿರು ಲೋಳೆಯನ್ನೇ ಆಟಿಕೆಯಾಗಿ ಮಾರತೊಡಗಿತು. ಅದರ ಮುಖ್ಯ ದ್ರವ್ಯ ಗೋರಿಕಾಯಿಯ ಬೀಜದ ಅಂಟು. ನಾವು ಪಲ್ಯ ಮಾಡುವ ಗೋರಿಕಾಯಿಯೇ. ಉತ್ತರ ಕರ್ನಾಟಕದ ಬಂಧುಗಳು ಅದನ್ನು ಚವಳಿಕಾಯಿ ಎನ್ನುತ್ತಾರೆ. ಆ ಲೋಳೆಯನ್ನು ತುಂಬಿ ಕೊಡುತ್ತಿದ್ದುದು ಕಸದ ತೊಟ್ಟಿಯ ಆಕಾರದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕಸದ ನೆನಪನ್ನು ಆ ಡಬ್ಬಿಯಾದರೂ ಉಳಿಸಿಕೊಂಡಿತ್ತು. ಇಂದಿನ ಹೊಳೆಯುವ, ಸುವಾಸನೆಯ, ನಕ್ಷತ್ರದ ಚೂರು ಬೆರೆಸಿದ ಲೋಳೆಯಲ್ಲಿ ಅದೂ ಇಲ್ಲ.

ಮೂರನೆಯ ಜಪಾನೀ ಸಾಕ್ಷಿ 1986ರದು. 'ಡ್ರ್ಯಾಗನ್ ಕ್ವೆಸ್ಟ್' ಎಂಬ ವಿಡಿಯೊ ಆಟಕ್ಕಾಗಿ ಪ್ರಸಿದ್ಧ ವ್ಯಂಗ್ಯಚಿತ್ರಕಾರ ಅಕಿರಾ ತೊರಿಯಾಮ ಲೋಳೆಯ ಜೀವಿಯೊಂದನ್ನು ಚಿತ್ರಿಸಿದರು. ನೀಲಿಯ ಹನಿ, ಎರಡು ದುಂಡುಕಣ್ಣು, ಅಗಲವಾದ ನಗು. ಆಟದಲ್ಲಿ ಆಟಗಾರನ ಎದುರಿಗೆ ಮೊಟ್ಟಮೊದಲು ಬರುವ, ಎಲ್ಲರಿಗಿಂತ ದುರ್ಬಲನಾದ ಶತ್ರು ಅದು. ಅದನ್ನು ಕೊಂದರೆ ಒಂದಿಷ್ಟು ಅನುಭವದ ಅಂಕ, ನಾಲ್ಕು ಕಾಸು. ಚಿತ್ರದ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗದ್ದೆಯನ್ನು ಕೇಳಲು ಎದ್ದವನು ಇನ್ನೂರು ವರ್ಷಗಳಲ್ಲಿ ಏನಾಗಿಹೋದ ನೋಡಿ! ಅವನು ಈಗ ನಗುತ್ತ ಬಂದು, ಹೊಡೆಸಿಕೊಂಡು, ನಮಗೇ ಕಾಸು ಕೊಟ್ಟು ಸಾಯುತ್ತಾನೆ. ಸಾಲ ಕೊಟ್ಟವನಿಂದಲೇ ಬಡ್ಡಿ ವಸೂಲು ಮಾಡಿದ ಹಾಗಾಯಿತು.

ನಾಲ್ಕನೆಯದು 2013ರಿಂದ ಅಂತರಜಾಲದಲ್ಲಿ ಧಾರಾವಾಹಿಯಾಗಿ ಬಂದು, 2018ರಲ್ಲಿ ಟಿ.ವಿ. ಸರಣಿಯಾದ ಫುಸೆ ಎಂಬ ಲೇಖಕರ ಕತೆ. ಮೂವತ್ತೇಳು ವರ್ಷದ ಕಚೇರಿ ನೌಕರನೊಬ್ಬ ಚೂರಿಯಿರಿತಕ್ಕೆ ಸಿಕ್ಕಿ ಸತ್ತು, ಬೇರೊಂದು ಲೋಕದಲ್ಲಿ ಲೋಳೆಯಾಗಿ ಹುಟ್ಟುತ್ತಾನೆ. ಇದನ್ನು ನನಗೆ ವಿವರಿಸಿದವನು ನನ್ನ ಮೊಮ್ಮಗ. "ತಾತ, ಅದು ಯಾರನ್ನು ನುಂಗಿದರೂ ಅವರ ಶಕ್ತಿಯೆಲ್ಲ ಅದಕ್ಕೇ ಬರುತ್ತೆ" ಎಂದು ಕಣ್ಣರಳಿಸಿ ಹೇಳಿದ. "ನುಂಗಿಸಿಕೊಂಡವರಿಗೆ ಏನು ಸಿಗುತ್ತೋ?" ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ಅದನ್ನು ತೋರಿಸಲ್ಲ ತಾತ" ಎಂದ. ಆ ಲೋಳೆ ದುರ್ಬಲರಿಗೆ ಆಶ್ರಯ ಕೊಟ್ಟು ರಾಜ್ಯ ಕಟ್ಟುತ್ತದೆ, ಒಳ್ಳೆಯ ಗುಣದ್ದು ಎಂಬುದನ್ನೂ ಅವನೇ ಸೇರಿಸಿದ, ನ್ಯಾಯವಾದ ಮಾತು. ಆದರೂ ಬೆಳವಣಿಗೆಯೆಂದರೆ ನುಂಗುತ್ತ ಹೋಗುವುದು, ನುಂಗಿದ್ದಕ್ಕೆ ಲೆಕ್ಕ ಒಪ್ಪಿಸಬೇಕಿಲ್ಲ ಎಂಬ ಪಾಠವನ್ನು ಎಷ್ಟು ಸಲೀಸಾಗಿ ಕಲಿಸಿಬಿಟ್ಟರು!

ನಿಮ್ಮಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವವರು, "ಮೇಷ್ಟ್ರೇ, ಅದು ಬರಿ ಆಟ, ಇಷ್ಟೊಂದು ಅರ್ಥ ಹುಡುಕಬೇಡಿ" ಎನ್ನುವಿರಿ. ಬರಿ ಆಟವೆಂಬುದು ಇಲ್ಲ. ಪಗಡೆಯಾಟದಿಂದ ರಾಜ್ಯ ಹೋದ ಕತೆಯನ್ನು ಕೇಳಿ ಬೆಳೆದವರು ನಾವು. ವಿಜ್ಞಾನದ ಅಭಿಮಾನಿಗಳು ಇನ್ನೊಂದು ಕಡೆಯಿಂದ, ಮಕ್ಕಳಿಗೆ ಭೂತದ ಕತೆಯನ್ನೇ ಹೇಳಬಾರದು, ಮೂಢನಂಬಿಕೆ ಬೆಳೆಯುತ್ತದೆ ಎನ್ನುವರು. ಅವರಿಗೆ ನನ್ನ ಉತ್ತರ ಇಷ್ಟು: ದೊರೊತಾಬೋ ಇದ್ದಾನೆಂದು ನಂಬಿಸಿರೆಂದು ನಾನು ಹೇಳುತ್ತಿಲ್ಲ. ಅವನು ಕೇಳಿದ ಪ್ರಶ್ನೆ ಇದೆಯೆಂದು ಹೇಳಿರಿ. ಆಹಾರಸರಪಳಿಯ ಮೂಲಕ ಪಾದರಸ ಸಾಂದ್ರವಾಗುವ ಬಗೆಯನ್ನು ವಿಜ್ಞಾನದ ಮೇಷ್ಟ್ರು ಹೇಳಿಕೊಡಲಿ. ಪಾದರಸವನ್ನು ಬಿಟ್ಟವರು ಯಾರು, ಹನ್ನೆರಡು ವರ್ಷ ಏಕೆ ಸುಮ್ಮನಿದ್ದರು ಎಂಬುದನ್ನು ಮಗುವಿನ ಮನಸ್ಸಿನಲ್ಲಿ ನಾಟಿಸುವುದಕ್ಕೆ ಕತೆ ಬೇಕು.

ಇದೆಲ್ಲ ಜಪಾನಿನ ಸಮಾಚಾರ, ನಮಗೇಕೆ ಎನ್ನುವಂತಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಹತ್ತಿತು. 2017ರಲ್ಲಿ, 2018ರಲ್ಲಿ ಕೆರೆಯಂಗಳ ಮತ್ತೆ ಹೊತ್ತಿ ಉರಿಯಿತು. ನೀರು ಉರಿಯುವುದನ್ನು ಯಾವ ಕತೆಗಾರನೂ ನಮಗಾಗಿ ಕಲ್ಪಿಸಬೇಕಾಗಲಿಲ್ಲ. ಶುದ್ಧೀಕರಿಸದ ಚರಂಡಿಯ ನೀರು, ನಮ್ಮ ನಮ್ಮ ಬಚ್ಚಲಿನಿಂದ ಹೋದ ಸಾಬೂನಿನ ಪುಡಿಗಳ ರಾಸಾಯನಿಕ ಸೇರಿ ಎದ್ದ ನೊರೆ ರಸ್ತೆಗೆ ಹಾರಿಬಂದಾಗ, ಅದನ್ನು ಹಿಮಕ್ಕೆ ಹೋಲಿಸಿ ಚಿತ್ರ ತೆಗೆದುಕೊಂಡವರಿದ್ದರು. ಲೋಳೆಯೆಂದರೆ ಮುದ್ದಾದ ವಸ್ತು ಎಂದು ಕಲಿತ ಕಣ್ಣಿಗೆ ಅದು ಹಾಗೆಯೇ ಕಾಣುತ್ತದೆ. ಹೆದೋರಾನನ್ನು ನೋಡಿ ಬೆಳೆದ ಮಗುವಾದರೆ, ಇದಕ್ಕೆ ಊಟ ಹಾಕಿದವರು ಯಾರೆಂದು ಕೇಳುತ್ತಿತ್ತು.

ಬಂಧುಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ನಮ್ಮ ಕುಟುಂಬದ ಗದ್ದೆಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ನಿವೇಶನಗಳಾಗಿವೆ ಎಂಬುದು ನಿಮಗೆಲ್ಲ ಗೊತ್ತಿದೆ. ಮಾರಿದವರೆಲ್ಲ ಕುಡುಕರಲ್ಲ, ಮಗಳ ಮದುವೆ, ಆಸ್ಪತ್ರೆಯ ಖರ್ಚು, ಮಗನ ಓದು, ಒಂದೊಂದಕ್ಕೂ ಕಾರಣವಿತ್ತು. ಮಾರಿದ್ದನ್ನು ನಾನು ಆಕ್ಷೇಪಿಸುತ್ತಿಲ್ಲ. ಮಾರಿದ ಮೇಲೆ ಆ ಗದ್ದೆಗಳ ಹೆಸರನ್ನೂ ಮರೆತುಬಿಟ್ಟಿದ್ದೇವಲ್ಲ, ಅದನ್ನು ಆಕ್ಷೇಪಿಸುತ್ತೇನೆ. ಕೋಡಿ ಗದ್ದೆ, ಬಾಗಿಲ ಗದ್ದೆ, ಹೊಂಗೆಮರದ ಗದ್ದೆ ಎಂದು ಹಿರಿಯರು ಒಂದೊಂದನ್ನೂ ಮಕ್ಕಳ ಹಾಗೆ ಹೆಸರಿಟ್ಟು ಕರೆಯುತ್ತಿದ್ದರು. ಯಾರು ಬದು ಕಟ್ಟಿದರು, ಯಾವ ಕೆರೆಯ ನೀರು ಹರಿಯುತ್ತಿತ್ತು, ಆ ಕೆಸರು ಎಷ್ಟು ಜನರನ್ನು ಓದಿಸಿತು ಎಂಬುದನ್ನು ಇಂದಿನ ಮಕ್ಕಳಿಗೆ ಯಾರಾದರೂ ಹೇಳಿದ್ದೀರಾ? ಸೆಕಿಯೆನ್‌ನ ಮುದುಕನಿಗೆ ಮಗನು ಗದ್ದೆಯನ್ನು ಮರಳಿ ಕೊಡಲಾಗದೆ ಹೋದರೂ, ಆ ಕೂಗಿಗೆ ಕಿವಿಗೊಡುವುದು ಅವನ ಕೈಯಲ್ಲಿತ್ತು.

ಆಟಿಕೆಯನ್ನು ಕಸಿದುಕೊಂಡು ಮಕ್ಕಳನ್ನು ಅಳಿಸಿರೆಂದು ನಾನು ಹೇಳುವುದಿಲ್ಲ. ಅವರು ಲೋಳೆಯ ಡಬ್ಬಿ ಹಿಡಿದು ಕುಳಿತಾಗ ಪಕ್ಕದಲ್ಲಿ ಕುಳಿತು ಒಕ್ಕಣ್ಣಿನ ಮುದುಕನ ಕತೆಯನ್ನು ಹೇಳಿರಿ. ಹೇಳಿ ಮುಗಿಸಿ, ಇದು ಎಲ್ಲಿಂದ ಎದ್ದಿತು, ಯಾರನ್ನು ಕೇಳುತ್ತಿದೆ, ಏನನ್ನು ಕೇಳುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಹಾಕಿರಿ. ನಿಮ್ಮ ಊರಿನ ಕೆರೆಯ ಹೆಸರನ್ನೂ, ನಿಮ್ಮ ಮನೆತನದವರು ಉಳುತ್ತಿದ್ದ ಗದ್ದೆಹೊಲಗಳ ಹೆಸರುಗಳನ್ನೂ, ಅವು ಈಗ ಏನಾಗಿವೆ ಎಂಬುದನ್ನೂ ನನಗೆ ಬರೆದು ತಿಳಿಸಿರಿ. ಬಂದಷ್ಟನ್ನು ಒಂದು ಪಟ್ಟಿ ಮಾಡಿ ಇಲ್ಲಿಯೇ ಪ್ರಕಟಿಸುತ್ತೇನೆ. ಕಾರಣಗಳ ಭಾಗವನ್ನು ಈ ಸಲವಾದರೂ ವಿವರವಾಗಿ ಬರೆಯಿರಿ.